ಕೊಳವೆ ಕಾರ್ಖಾನೆಯದು, ಸಂದು ಊರಿನದು



ನಮ್ಮ ಗಡಿಭಾಗದ ಆಡುಮಾತಿನಲ್ಲಿ ಒಬ್ಬ ಆಸ್ಟ್ರೇಲಿಯದ ಮನುಷ್ಯನ ಹೆಸರು ಅಡಗಿ ಕುಳಿತಿದೆ. ನೀವೂ ಅದನ್ನು ಹಲವು ಸಲ ಉಚ್ಚರಿಸಿದ್ದೀರಿ. ಹೊಲದ ದಾರಿಗೆ ಹಳ್ಳ ಅಡ್ಡ ಬಂದರೆ "ಎರಡು ಹ್ಯೂಮ್ ಪೈಪು ಇಟ್ಟು ಮ್ಯಾಲೆ ಮುರುಮು ಹಾಕ್ರಿ" ಎನ್ನುತ್ತೇವೆ. ಸಾಂಗಲಿಯ ಮರಾಠಿ ಗುತ್ತಿಗೆದಾರನಿಗೂ ಜತ್ತ ತಾಲೂಕಿನ ಕನ್ನಡ ಗೌಂಡಿಗೂ ಈ ಶಬ್ದಕ್ಕೆ ಅನುವಾದ ಬೇಕಿಲ್ಲ. ಆದರೆ ಹ್ಯೂಮ್ ಎಂಬುದು ವಸ್ತುವಿನ ಹೆಸರಲ್ಲ, ವ್ಯಕ್ತಿಯ ಹೆಸರು. ಆ ವ್ಯಕ್ತಿಯ ಯುಕ್ತಿ ನಮ್ಮ ಊರುಗಳ ಮಣ್ಣಿನೊಳಗೆ ಹೇಗೆ ಬಂದು ಸೇರಿತು, ಬಂದ ಮೇಲೆ ನಾವು ಅದನ್ನು ಹೇಗೆ ನಡೆಸಿಕೊಂಡೆವು ಎಂಬುದೇ ಈ ಲೇಖನದ ವಿಷಯ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ಕಟ್ಟಡದ ಭಾಗವನ್ನು ಅದು ಇರಬೇಕಾದ ಜಾಗದಲ್ಲಿಯೇ ಕಟ್ಟದೆ, ಬೇರೊಂದು ಕಡೆ ಅಚ್ಚಿನಲ್ಲಿ ಎರಕ ಹೊಯ್ದು, ಗಟ್ಟಿಯಾದ ಮೇಲೆ ತಂದು ಜೋಡಿಸುವ ಪದ್ಧತಿ ಇದು. ಇಂಜಿನಿಯರರು ಇದನ್ನು ಪ್ರೀಕಾಸ್ಟ್ ಎನ್ನುತ್ತಾರೆ. ಕೊಳವೆ, ಬಾವಿಯ ಉಂಗುರ, ಗಟಾರಿನ ತೊಟ್ಟಿ, ಅದರ ಮೇಲಿನ ಮುಚ್ಚಳ, ಕಿರುಸೇತುವೆಯ ಪೆಟ್ಟಿಗೆ, ರೈಲು ಹಳಿಯ ಕೆಳಗಿನ ಸ್ಲೀಪರು, ಇವೆಲ್ಲ ಅದೇ ವಂಶದವು. ಹೆಸರು ಹೊಸದಾದರೂ ವಿಚಾರ ಹಳೆಯದು. ಇದಕ್ಕೆ ಸಾಕ್ಷಿ ಬೇಕಾದರೆ ದೂರ ಹೋಗಬೇಕಿಲ್ಲ, ವಿಜಯಪುರಕ್ಕೆ ಹೋದರೆ ಸಾಕು.

ಮಿರಜದ ಕೋಟೆ ಆದಿಲಶಾಹಿಗಳ ಕೈಯಲ್ಲಿದ್ದ ಕಾಲದಲ್ಲಿ ಅವರ ರಾಜಧಾನಿಯಾದ ವಿಜಯಪುರಕ್ಕೆ ತೊರವಿಯ ಕಡೆಯಿಂದಲೂ, 1651ರಲ್ಲಿ ಕಟ್ಟಿದ ಬೇಗಂ ತಲಾಬದಿಂದಲೂ ನೀರು ನೆಲದೊಳಗೆ ಹರಿದು ಬರುತ್ತಿತ್ತು. ಕುಂಬಾರನ ಆವಿಗೆಯಲ್ಲಿ ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದರ ಬಾಯಿಗೆ ಇನ್ನೊಂದನ್ನು ಸೇರಿಸಿ, ಸುತ್ತಲೂ ಗಾರೆ ತುಂಬಿ ಹೂಳುತ್ತಿದ್ದರು. ದಾರಿಯುದ್ದಕ್ಕೂ ಅಲ್ಲಲ್ಲಿ ಗಂಜ್ ಎಂಬ ನೀರಿನ ಗೋಪುರಗಳನ್ನು ನಿಲ್ಲಿಸಿದರು. ನೀರಿನ ಒತ್ತಡ ಅಲ್ಲಿ ಇಳಿಯುತ್ತಿತ್ತು, ಹೂಳು ತಳಕ್ಕೆ ಕೂರುತ್ತಿತ್ತು. ಆ ಗೋಪುರಗಳಲ್ಲಿ ಕೆಲವು ಇಂದಿಗೂ ನಿಂತಿವೆ. ಗಮನಿಸಬೇಕಾದ ಮಾತೆಂದರೆ, ಆ ಕಾಲದವರು ಕೊಳವೆ ಮಾಡಿದ್ದಷ್ಟಕ್ಕೇ ತೃಪ್ತರಾಗಲಿಲ್ಲ. ಎರಡು ಕೊಳವೆಗಳು ಸೇರುವ ಸಂದು ಒಡೆಯಬಾರದೆಂಬ ಚಿಂತೆಯೇ ಅವರಿಗೆ ದೊಡ್ಡದಾಗಿತ್ತು. ಗಂಜುಗಳು ಹುಟ್ಟಿದ್ದಕ್ಕೆ ಆ ಚಿಂತೆಯೂ ಒಂದು ಕಾರಣ.

ಇನ್ನು ಸಿಮೆಂಟಿನ ಕಾಲಕ್ಕೆ ಬರೋಣ. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಎಂಬಾತ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದ. ಸಿಮೆಂಟು, ಮರಳು, ಖಡಿ ಕೂಡಿದ ಕಾಂಕ್ರೀಟು ಅದುಮಿದರೆ ತಡೆಯುತ್ತದೆ, ಜಗ್ಗಿದರೆ ಸೀಳುತ್ತದೆ. ಈ ಕೊರತೆಯನ್ನು ನೀಗಿಸಿದವರಲ್ಲಿ ಒಬ್ಬ ತೋಟಗಾರನೂ ಇದ್ದನೆಂದರೆ ನಿಮಗೆ ಆಶ್ಚರ್ಯವಾದೀತು. ಫ್ರಾನ್ಸಿನ ಜೋಸೆಫ್ ಮೋನಿಯೆ ತನ್ನ ಹೂಕುಂಡಗಳು ಒಡೆಯುವುದನ್ನು ತಪ್ಪಿಸಲು ಸಿಮೆಂಟಿನೊಳಗೆ ಕಬ್ಬಿಣದ ಜಾಳಿಗೆ ಇಟ್ಟ. 1867ರಲ್ಲಿ ಕುಂಡಕ್ಕೆ, ಮರುವರ್ಷ ಕೊಳವೆಗೆ ಹಕ್ಕುಪತ್ರ ಪಡೆದ. ಜಗ್ಗುವ ಬಲವನ್ನು ಕಬ್ಬಿಣ ಹೊತ್ತಿತು, ಅದುಮುವ ಬಲವನ್ನು ಕಾಂಕ್ರೀಟು ಹೊತ್ತಿತು.

ಆದರೂ ಕೊಳವೆಯ ಗೋಡೆ ಎಲ್ಲ ಕಡೆಗೂ ಒಂದೇ ಸಮನೆ ಗಟ್ಟಿಯಾಗುತ್ತಿರಲಿಲ್ಲ. ಅಲ್ಲಿಗೆ ಬಂದವನೇ ನಮ್ಮ ಹ್ಯೂಮ್. ಆಸ್ಟ್ರೇಲಿಯದ ವಾಲ್ಟರ್ ಹ್ಯೂಮ್ 1910ರಲ್ಲಿ ಅಚ್ಚನ್ನು ಅಡ್ಡಡ್ಡ ಮಲಗಿಸಿ ವೇಗವಾಗಿ ತಿರುಗಿಸುವ ವಿಧಾನ ಕಂಡುಹಿಡಿದ. ತುಂಬಿದ ತಂಬಿಗೆಯನ್ನು ಹಗ್ಗಕ್ಕೆ ಕಟ್ಟಿ ಗಿರಗಿರನೆ ತಿರುಗಿಸಿದರೆ ನೀರು ಚೆಲ್ಲುವುದಿಲ್ಲ, ತಳಕ್ಕೆ ಒತ್ತಿಕೊಳ್ಳುತ್ತದೆ. ಹಾಗೆಯೇ ತಿರುಗುವ ಅಚ್ಚಿನೊಳಗೆ ಕಾಂಕ್ರೀಟು ಹೊರಗೋಡೆಗೆ ಒತ್ತಿಕೊಂಡು ಕೂರುತ್ತದೆ. ಹೆಚ್ಚಿನ ನೀರು ಒಳಮೈಗೆ ಬಂದು ಹೊರಬೀಳುತ್ತದೆ. ಉಳಿಯುವುದು ದಟ್ಟವಾದ, ಸಮನಾದ ಗೋಡೆ. ನಂತರ ಅದನ್ನು ದಿನಗಟ್ಟಲೆ ನೀರಿನಲ್ಲಿಯೋ ಹಬೆಯಲ್ಲಿಯೋ ಹದಗೊಳಿಸಬೇಕು. ಕಾಂಕ್ರೀಟಿನ ಬಲವನ್ನು ಇಂದಿಗೂ 28ನೆಯ ದಿನಕ್ಕೆ ಅಳೆಯುತ್ತಾರೆ. ಅವಸರದ ಮನುಷ್ಯನಿಗೆ ಸಿಮೆಂಟು ಒಲಿಯುವುದಿಲ್ಲ.

ಈ ವಿದ್ಯೆ ಭಾರತಕ್ಕೆ ಬಂದದ್ದು ನಮ್ಮ ನೆರೆಯ ಸೊಲ್ಲಾಪುರದ ಮಗನೊಬ್ಬನ ಕೈಯಿಂದ. 1882ರಲ್ಲಿ ಅಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು ರೈಲ್ವೆ ಗುತ್ತಿಗೆಯಿಂದ ಮೇಲೆ ಬಂದವರು. 1926ರಲ್ಲಿ ಅವರು ಇಂಡಿಯನ್ ಹ್ಯೂಮ್ ಪೈಪ್ ಕಂಪನಿಯನ್ನು ಸ್ಥಾಪಿಸಿದರು. ಮುಂದೆ 1940ರಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಗೆ ಅಡಿಪಾಯ ಹಾಕಿದವರೂ ಇವರೇ. ವಿಮಾನವನ್ನು ಎಲ್ಲರೂ ತಲೆಯೆತ್ತಿ ನೋಡಿದರು. ಕೊಳವೆಯನ್ನು ನೋಡಿದವರು ಕಡಿಮೆ, ಏಕೆಂದರೆ ಅದು ಹೂಳುವ ವಸ್ತು.

ಸಾಂಗಲಿಗೂ ವಾಲಚಂದರ ಹೆಸರಿಗೂ ಇನ್ನೊಂದು ನಂಟಿದೆ. ಸಾಂಗಲಿಯಿಂದ ಮಿರಜಕ್ಕೆ ಹೋಗುವ ದಾರಿಯಲ್ಲಿ ವಿಶ್ರಾಮಬಾಗದಲ್ಲಿರುವ ಇಂಜಿನಿಯರಿಂಗ್ ಕಾಲೇಜನ್ನು ನೀವು ನೋಡಿರಬಹುದು. 1947ರಲ್ಲಿ ಅದು ನ್ಯೂ ಇಂಜಿನಿಯರಿಂಗ್ ಕಾಲೇಜು ಎಂಬ ಹೆಸರಿನಿಂದ ಆರಂಭವಾಯಿತು. ಮುಂದೆ ಅದಕ್ಕೆ ವಾಲಚಂದರ ಹೆಸರು ಬಂತು. ಹೀಗೆ, ಕೊಳವೆಯನ್ನು ಈ ದೇಶಕ್ಕೆ ತಂದವರ ಹೆಸರಿನ ಕಾಲೇಜಿನಲ್ಲಿ, ಕೊಳವೆಯನ್ನು ಎಷ್ಟು ಇಳಿಜಾರಿನಲ್ಲಿ ಹೂಳಬೇಕೆಂದು ನಮ್ಮ ಸೀಮೆಯ ಮಕ್ಕಳು ಕಲಿತರು.

ಸ್ವಾತಂತ್ರ್ಯದ ನಂತರ ಅಳತೆಗೂ ಶಿಸ್ತು ಬಂತು. ಕಾಂಕ್ರೀಟ್ ಕೊಳವೆಗಳಿಗಾಗಿ ಭಾರತೀಯ ಮಾನಕ 458 ಮೊದಲು ಪ್ರಕಟವಾದದ್ದು 1956ರಲ್ಲಿ. ಅದು ಹಲವು ಸಲ ಪರಿಷ್ಕಾರಗೊಂಡಿದೆ. ಕೊಳವೆಯ ಮೈಮೇಲೆ ಎನ್‌ಪಿ 2, ಎನ್‌ಪಿ 3, ಎನ್‌ಪಿ 4 ಎಂದು ಬರೆದಿರುವುದನ್ನು ನೀವು ಕಂಡಿರಬಹುದು. ಒಳಗೆ ಒತ್ತಡದ ನೀರು ಹರಿಯದ ಕೊಳವೆ ಎಂಬುದು ಎನ್‌ಪಿಯ ಅರ್ಥ. ಅಂಕಿ ಹೆಚ್ಚಾದಷ್ಟೂ ಮೇಲಿನ ಭಾರವನ್ನು ಹೆಚ್ಚು ತಡೆಯುತ್ತದೆ. ಮನೆಯ ಮುಂದಿನ ಹಾದಿಗೆ ನಡೆಯುವ ಎನ್‌ಪಿ 2ನ್ನು ಕಬ್ಬಿನ ಲಾರಿಗಳು ಓಡಾಡುವ ರಸ್ತೆಯ ಕೆಳಗೆ ಇಟ್ಟರೆ ಅದು ಸೀಳುತ್ತದೆ. ತಪ್ಪು ಆಗ ಕೊಳವೆಯದಲ್ಲ, ಇಟ್ಟವರದು.

ಇಲ್ಲಿಯವರೆಗಿನ ಕಥೆ ಕಾರ್ಖಾನೆಯ ಕಥೆ. ಅಚ್ಚು ಒಂದೇ, ಹದ ಒಂದೇ, ಪರೀಕ್ಷೆಯೂ ಒಂದೇ. ಮೂರು ಕಡೆ ಆಧಾರ ಕೊಟ್ಟು ಕೊಳವೆಯನ್ನು ಅದುಮಿ, ಎಷ್ಟು ಭಾರಕ್ಕೆ ಕೂದಲೆಳೆಯ ಬಿರುಕು ಕಾಣುತ್ತದೆಂದು ನೋಡುತ್ತಾರೆ. ಮೊದಲು ಗೌಂಡಿಯ ಕೈಯಲ್ಲಿದ್ದ ಜಾಣ್ಮೆಯನ್ನು ಅಚ್ಚು ತನ್ನಲ್ಲಿ ತೆಗೆದುಕೊಂಡಿತು. ಆದರೆ ಅಚ್ಚು ಎಲ್ಲವನ್ನೂ ತೆಗೆದುಕೊಳ್ಳಲಿಲ್ಲ. ಮೂರು ಕೆಲಸಗಳು ಊರಿನಲ್ಲಿಯೇ ಉಳಿದವು: ಕೊಳವೆ ಕೂರುವ ಹಾಸಿಗೆ, ಅದರ ಇಳಿಜಾರು, ಮತ್ತು ಎರಡು ಕೊಳವೆ ಸೇರುವ ಸಂದು. ಈ ಮೂರನ್ನೂ ಮಾಡುವವನು ತಗ್ಗಿನಲ್ಲಿ ನಿಂತ ಕೂಲಿಕಾರ. ಮಾಡಿದ ಮೇಲೆ ಮಣ್ಣು ಮುಚ್ಚುತ್ತಾರೆ. ಬಿಲ್ಲಿನಲ್ಲಿ ಕೊಳವೆಯ ಉದ್ದ ಬರೆಯುತ್ತಾರೆ, ಸಂದಿನ ಗುಣ ಬರೆಯುವುದಿಲ್ಲ.

ಜೋಡಣೆಯ ಕಷ್ಟ ಮಿರಜದವರಿಗೆ ಹೊಸದಲ್ಲ. ಒಂದು ಕಾಲಕ್ಕೆ ಮಿರಜ ನಿಲ್ದಾಣದಲ್ಲಿ ಬ್ರಾಡ್‌ಗೇಜ್, ಮೀಟರ್‌ಗೇಜ್, ಬಾರ್ಸಿ ಲೈಟ್ ರೈಲ್ವೆಯ ನ್ಯಾರೋಗೇಜ್ ಎಂದು ಮೂರು ಅಳತೆಯ ಹಳಿಗಳು ಸೇರುತ್ತಿದ್ದವು. ಒಂದೊಂದು ಹಳಿಯೂ ತನ್ನಷ್ಟಕ್ಕೆ ಸರಿಯಾಗಿಯೇ ಇತ್ತು. ಆದರೆ ಸೇರುವ ಜಾಗದಲ್ಲಿ ಮೂಟೆಗಳನ್ನು ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಾಗುತ್ತಿತ್ತು. ಆ ಭಾರ ಬಿದ್ದದ್ದು ಹಮಾಲರ ಬೆನ್ನಿಗೆ. ಒಳಚರಂಡಿಯಲ್ಲಿಯೂ ಹಾಗೆಯೇ. ಸಂದು ಸರಿಯಿಲ್ಲದಿದ್ದರೆ ಅದರ ಭಾರ ಯಾರದೋ ಬೆನ್ನಿಗೆ ಬೀಳುತ್ತದೆ. ಯಾರ ಬೆನ್ನಿಗೆ ಎಂಬುದನ್ನು ಈಗ ನೋಡೋಣ.

ಹೊಲಸು ನೀರು ನಿಲ್ಲದೆ ಹರಿಯಬೇಕು. ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗವಿದ್ದರೆ ಅದು ತನ್ನ ದಾರಿಯನ್ನು ತಾನೇ ತೊಳೆದುಕೊಳ್ಳುತ್ತದೆ. ಇಳಿಜಾರು ತಪ್ಪಿದರೆ, ಸಂದಿನಲ್ಲಿ ಕೊಳವೆ ಕುಸಿದು ಮೆಟ್ಟಿಲಾದರೆ, ಅಲ್ಲಿ ರಾಡಿ ನಿಲ್ಲುತ್ತದೆ. ಗಾಳಿಯಿಲ್ಲದ ಆ ರಾಡಿಯಲ್ಲಿ ಸೂಕ್ಷ್ಮಜೀವಿಗಳು ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲವನ್ನು ಹುಟ್ಟಿಸುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದರದು. ಅದು ಮೇಲೇರಿ ಕೊಳವೆಯ ಒಳನೆತ್ತಿಯ ತೇವಕ್ಕೆ ಅಂಟುತ್ತದೆ. ಅಲ್ಲಿ ಬೇರೊಂದು ಜಾತಿಯ ಸೂಕ್ಷ್ಮಜೀವಿಗಳು ಅದನ್ನು ಗಂಧಕಾಮ್ಲ ಮಾಡುತ್ತವೆ. ಆ ಆಮ್ಲ ಸಿಮೆಂಟಿನ ಸುಣ್ಣವನ್ನು ತಿನ್ನುತ್ತದೆ. ಹೀಗೆ ನೀರು ಮುಟ್ಟದ ನೆತ್ತಿಯೇ ಮೊದಲು ಕರಗಿ, ಒಂದು ದಿನ ರಸ್ತೆ ಕುಸಿಯುತ್ತದೆ.

ಕಾಂಕ್ರೀಟನ್ನು ತಿನ್ನುವ ಈ ಅನಿಲವೇ ಮನುಷ್ಯನನ್ನೂ ಕೊಲ್ಲುತ್ತದೆ. ಹೆಚ್ಚು ಪ್ರಮಾಣದಲ್ಲಿದ್ದಾಗ ಅದು ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ ವಾಸನೆಯೂ ತಿಳಿಯುವುದಿಲ್ಲ. ಕಟ್ಟಿಕೊಂಡ ಮ್ಯಾನ್‌ಹೋಲಿಗೆ ಒಬ್ಬ ಇಳಿಯುತ್ತಾನೆ, ಬಿದ್ದವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಇಬ್ಬರೂ ಮೇಲೆ ಬರುವುದಿಲ್ಲ. ಇಂಥ ಸುದ್ದಿ ದೇಶದ ಯಾವುದಾದರೊಂದು ಊರಿನಿಂದ ಇಂದಿಗೂ ಬರುತ್ತಲೇ ಇದೆ. ಇಳಿಯುವವರು ಯಾವ ಕೇರಿಯವರು ಎಂಬುದನ್ನು ನಾನು ಹೇಳಬೇಕಿಲ್ಲ. ಕರ್ನಾಟಕದಲ್ಲಿ 1970ರ ದಶಕದಲ್ಲಿಯೇ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಆಜ್ಞೆ ಮಾಡಿದರು. ಕೇಂದ್ರದ ಕಾನೂನು 1993ರಲ್ಲಿ ಬಂತು, ಇನ್ನೂ ಬಿಗಿಯಾದದ್ದು 2013ರಲ್ಲಿ ಬಂತು. ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಈ ಹೋರಾಟವನ್ನು ಮುನ್ನಡೆಸಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿದ್ದು ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ. ಕಾನೂನು ಬೇಕು, ನಿಜ. ಆದರೆ ಕೊಳವೆ ಕಟ್ಟಿಕೊಳ್ಳದಂತೆ ಹೂಳಿದ್ದರೆ ಆ ಮನುಷ್ಯನನ್ನು ಕೆಳಗಿಳಿಸುವ ನೆಪವೇ ಹುಟ್ಟುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಸಾಂಗಲಿ ಮತ್ತು ಮಿರಜದವರಿಗೆ ಇನ್ನೊಂದು ಪಾಠವನ್ನು ಕೃಷ್ಣೆಯೇ ಕಲಿಸಿದ್ದಾಳೆ. 1929ರ ಇರ್ವಿನ್ ಸೇತುವೆಯ ಬಳಿ ನೀರಿನ ಮಟ್ಟ ಅಳೆಯುತ್ತಾರೆ. 45 ಅಡಿ ಅಪಾಯದ ಗೆರೆ. 2005ರಲ್ಲಿ ನದಿ ಅದನ್ನು ಬಹಳ ದೂರ ದಾಟಿತು, 2019ರ ಆಗಸ್ಟಿನಲ್ಲಿ 57 ಅಡಿಯನ್ನೂ ಮೀರಿತು, 2021ರಲ್ಲಿ ಮತ್ತೆ ಬಂತು. ನದಿ ಏರಿದಾಗ ದಂಡೆ ದಾಟಿಯೇ ಊರು ಹೊಗಬೇಕೆಂದಿಲ್ಲ. ಊರಿನ ನೀರನ್ನು ನದಿಗೆ ಒಯ್ಯುವ ನಾಲೆ ಮತ್ತು ಗಟಾರುಗಳ ಮೂಲಕ ಅದು ಹಿಂದಕ್ಕೆ ನುಗ್ಗುತ್ತದೆ. ಹೋಗುವ ದಾರಿಯೇ ಬರುವ ದಾರಿಯಾಗುತ್ತದೆ. ಕೊಳವೆಯ ಬಾಯಿಗೆ ಒಮ್ಮುಖದ ಬಾಗಿಲಿದ್ದು, ಅದರಲ್ಲಿ ಕಸ ಸಿಕ್ಕಿಕೊಳ್ಳದಂತೆ ನೋಡಿಕೊಂಡರೆ ಮಾತ್ರ ಅದನ್ನು ತಡೆಯಬಹುದು. ಸಾಂಗಲಿಯ ಶೇರಿ ನಾಲೆಯ ಹೊಲಸು ಕೃಷ್ಣೆಗೆ ಸೇರುವ ತಕರಾರು ಎಷ್ಟು ಹಳೆಯದೆಂದು ಅಲ್ಲಿಯವರಿಗೆ ಗೊತ್ತೇ ಇದೆ. 1998ರಲ್ಲಿ ಸಾಂಗಲಿ, ಮಿರಜ, ಕುಪವಾಡ ಮೂರೂ ಸೇರಿ ಒಂದೇ ಮಹಾನಗರಪಾಲಿಕೆಯಾದವು. ಕಾಗದದ ಮೇಲೆ ಊರುಗಳು ಸೇರಿದಷ್ಟು ಸುಲಭವಾಗಿ ನೆಲದೊಳಗೆ ಅವುಗಳ ಗಟಾರುಗಳು ಸೇರುವುದಿಲ್ಲ. ಅದೂ ಒಂದು ಸಂದಿನ ಮಾತೇ.

ನೆರೆಯನ್ನೂ ಚರಂಡಿಯನ್ನೂ ಕೂಡಿಸಿ ಯೋಚಿಸಬೇಕೆಂದು ನಮಗೆ ತೋರಿಸಿಕೊಟ್ಟವರು ಸರ್ ಎಂ. ವಿಶ್ವೇಶ್ವರಯ್ಯನವರು. ಮುಂಬಯಿ ಪ್ರಾಂತದಲ್ಲಿ ನೈರ್ಮಲ್ಯ ಇಂಜಿನಿಯರಾಗಿಯೂ ಕೆಲಸ ಮಾಡಿದ್ದ ಅವರನ್ನು 1908ರ ಮೂಸಿ ನದಿಯ ಮಹಾಪೂರದ ನಂತರ ಹೈದರಾಬಾದಿಗೆ ಕರೆಸಿಕೊಂಡರು. ಅವರು ನದಿಯ ಮೇಲ್ಭಾಗದಲ್ಲಿ ನೆರೆ ಹಿಡಿಯುವ ಜಲಾಶಯಗಳನ್ನೂ, ಊರೊಳಗೆ ಒಳಚರಂಡಿಯನ್ನೂ ಒಂದೇ ಯೋಜನೆಯ ಎರಡು ಕೈಗಳಂತೆ ಕಂಡರು.

ಬಾಂಧವರೇ, ಈ ಚರಿತ್ರೆಯಿಂದ ನಮಗೇನು ಪ್ರಯೋಜನ ಎಂದು ನೀವು ಕೇಳಬಹುದು. ಪ್ರಯೋಜನ ಇದೆ. ನಿಮ್ಮ ಓಣಿಯಲ್ಲಿ ತಗ್ಗು ತೋಡಿ ಕೊಳವೆ ತಂದಿಟ್ಟಾಗ, ಮಣ್ಣು ಮುಚ್ಚುವ ಮೊದಲು ಹೋಗಿ ನೋಡಿರಿ. ಕೊಳವೆಯ ಮೈಮೇಲಿನ ಅಂಕಿ ಓದಿರಿ. ಕೆಳಗೆ ಹಾಸಿಗೆ ಸಮನಾಗಿದೆಯೋ, ಕಲ್ಲಿನ ಮೇಲೆ ಕೂತಿದೆಯೋ ನೋಡಿರಿ. ಕೆಲಸ ತಗ್ಗಿನ ತುದಿಯಿಂದ ಆರಂಭವಾಗಿ ಏರಿನ ಕಡೆಗೆ ಸಾಗಬೇಕು, ಕೊಳವೆಯ ಅಗಲಬಾಯಿ ಏರಿನ ಕಡೆಗಿರಬೇಕು. ಸಂದಿಗೆ ರಬ್ಬರಿನ ಉಂಗುರವೋ ಸಿಮೆಂಟಿನ ಗಾರೆಯೋ ಸುತ್ತಲೂ ಕೂತಿದೆಯೇ ಎಂದು ಕೇಳಿರಿ. ನೀರು ತುಂಬಿಸಿ ಪರೀಕ್ಷೆ ಮಾಡಿದರೇ ಎಂದು ಕೇಳಿರಿ. ಕನ್ನಡದಲ್ಲಿ ಕೇಳಿದರೂ ಸರಿ, ಮರಾಠಿಯಲ್ಲಿ ಕೇಳಿದರೂ ಸರಿ. ತಗ್ಗಿನಲ್ಲಿ ನಿಂತವನಿಗೆ ಎರಡೂ ತಿಳಿಯುತ್ತವೆ. ಅವನಿಗೆ ಬೇಕಾದ ಸಮಯವನ್ನೂ ಸಾಮಾನನ್ನೂ ಕೊಡಿಸುವುದು ನಮ್ಮ ಕೆಲಸ. ಈ ಪ್ರಶ್ನೆಗಳಿಗೆ ಖರ್ಚಿಲ್ಲ. ಕೇಳದೇ ಹೋದರೆ ಮುಂದೊಂದು ದಿನ ಮುಚ್ಚಳ ತೆಗೆದು ಒಬ್ಬ ಮನುಷ್ಯ ಕೆಳಗಿಳಿಯಬೇಕಾಗುತ್ತದೆ.