ಗುರುಶಿಷ್ಯ ಮರ್ಯಾದೆ

ಮರ್ಯಾದೆಯೆಂಬ ಶಬ್ದಕ್ಕೆ ಈಗ ನಮ್ಮ ಮನೆಮಾತಿನಲ್ಲಿ ಗೌರವವೆಂಬ ಅರ್ಥವೇ ರೂಢಿಯಾಗಿರುವುದು. ಸಂಸ್ಕೃತದಲ್ಲಾದರೋ ಅದಕ್ಕೆ ಎಲ್ಲೆ, ಗಡಿ, ಮೇರೆ ಎಂಬ ಅರ್ಥಗಳು ಮುಖ್ಯವಾದುವು; ಹೊಲದ ಬದುವೂ ಮರ್ಯಾದೆ, ಸಮುದ್ರದ ದಡವೂ ಮರ್ಯಾದೆ. ಗುರುಶಿಷ್ಯರ ವಿಷಯದಲ್ಲಿ ನಾವು ಗೌರವವೆಂಬ ಅರ್ಥವನ್ನು ಉಳಿಸಿಕೊಂಡು ಎಲ್ಲೆಯೆಂಬ ಅರ್ಥವನ್ನು ಮರೆತಂತೆ ತೋರುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ಸೀಮೆಗಳಲ್ಲಿ ಯಾವುದಾದರೊಂದು ಊರಿನ ಉಪಾಧ್ಯಾಯನ ಮೇಲೆ ದೂರು ಬಂದಿತೆಂದು ಸುದ್ದಿ ಹಬ್ಬಿದರೆ, ಜಗಲಿಯ ಮೇಲೆ ಕುಳಿತ ಹಿರಿಯರು ಹೇಳುವ ಮಾತೊಂದುಂಟು: “ಹಿಂದೆ ಗುರುವಿಗೂ ಶಿಷ್ಯನಿಗೂ ನಡುವೆ ಕಾನೂನು ಬರುತ್ತಿರಲಿಲ್ಲ, ಇದೆಲ್ಲವೂ ಪರದೇಶದ ಪದ್ಧತಿ.” ಈ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಚರಿತ್ರೆಯ ಆಧಾರದಿಂದ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೧

ಮೊದಲು ಧರ್ಮಸೂತ್ರಗಳನ್ನು ನೋಡೋಣ. ಆಪಸ್ತಂಬರು ತಮ್ಮ ಧರ್ಮಸೂತ್ರದ ಪ್ರಥಮ ಪ್ರಶ್ನದಲ್ಲಿ ಶಿಷ್ಯನ ಕರ್ತವ್ಯಗಳನ್ನು ವಿಸ್ತಾರವಾಗಿ ಹೇಳಿದ ಬಳಿಕ ಆಚಾರ್ಯನ ಕಡೆಗೆ ತಿರುಗುತ್ತಾರೆ. ಆಚಾರ್ಯನು ಶಿಷ್ಯನನ್ನು ಮಗನಂತೆ ಕಾಣಬೇಕು. ತಿಳಿದುದನ್ನು ಬಚ್ಚಿಡದೆ ಕಲಿಸಬೇಕು. ಆಪತ್ಕಾಲವೊಂದನ್ನು ಬಿಟ್ಟರೆ, ಓದಿಗೆ ಅಡ್ಡಿಯಾಗುವಂತೆ ಶಿಷ್ಯನನ್ನು ತನ್ನ ಸ್ವಂತ ಕೆಲಸಕ್ಕೆ ಬಳಸಿಕೊಳ್ಳಬಾರದು. ಪಾಠ ಹೇಳುವುದರಿಂದ ಜಾರಿಕೊಳ್ಳುವ ಆಚಾರ್ಯನು ಆಚಾರ್ಯನೇ ಅಲ್ಲವೆಂದು ಸೂತ್ರಕಾರರು ತೀರ್ಮಾನಿಸಿದ್ದಾರೆ. ತಪ್ಪಿದ ಶಿಷ್ಯನಿಗೆ ಅವರು ವಿಧಿಸುವ ಶಿಕ್ಷೆಗಳು ಗದರಿಸುವುದು, ಉಪವಾಸವಿಡುವುದು, ತಣ್ಣೀರಿನ ಸ್ನಾನ ಮಾಡಿಸುವುದು, ಎದುರಿಗೆ ಬಾರದಂತೆ ದೂರವಿಡುವುದು ಇವು ಮಾತ್ರ.

ಗೌತಮರು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಶಿಷ್ಯನನ್ನು ಹೊಡೆಯದೆಯೇ ತಿದ್ದಬೇಕೆಂಬುದು ಅವರ ಮೂಲವಿಧಿ. ಅದು ಸಾಧ್ಯವಾಗದಿದ್ದರೆ ತೆಳುವಾದ ಹಗ್ಗದಿಂದ ಅಥವಾ ಸೀಳಿದ ಬಿದಿರಿನಿಂದ ಹೊಡೆಯಬಹುದು. ಬೇರೆ ಯಾವುದರಿಂದಲಾದರೂ ಹೊಡೆದ ಗುರುವನ್ನು ರಾಜನು ದಂಡಿಸತಕ್ಕದ್ದು. ಮನುವು ಹೊಡೆತವನ್ನು ಬೆನ್ನಿಗೆ ಮಾತ್ರ ಮಿತಗೊಳಿಸಿ, ಉತ್ತಮಾಂಗಕ್ಕೆ ಹೊಡೆದವನಿಗೆ ಕಳ್ಳನ ಪಾಪವು ಬರುವುದೆನ್ನುತ್ತಾನೆ. ಈ ವಿಧಿಯು ಬ್ರಹ್ಮಚಾರಿಧರ್ಮವನ್ನು ಹೇಳುವ ಎರಡನೆಯ ಅಧ್ಯಾಯದಲ್ಲಿರದೆ, ರಾಜನ ನ್ಯಾಯಸಭೆಯ ವ್ಯವಹಾರಗಳನ್ನು ಹೇಳುವ ಎಂಟನೆಯ ಅಧ್ಯಾಯದಲ್ಲಿರುವುದನ್ನು ವಾಚಕರು ಗಮನಿಸಬೇಕು. ಇನ್ನು ಸ್ತ್ರೀವಿಷಯಕವಾದ ಅಪರಾಧಕ್ಕೆ ಬಂದರೆ, ಶಿಷ್ಯನ ಪತ್ನಿಯಲ್ಲಿ ತಪ್ಪಿ ನಡೆದವನನ್ನು ಗೌತಮರು ಗುರುತಲ್ಪಗಾಮಿಗೆ ಸಮನೆಂದು ಎಣಿಸಿದ್ದಾರೆ. ಗುರುತಲ್ಪವೆಂದರೆ ಪಂಚಮಹಾಪಾತಕಗಳಲ್ಲಿ ಒಂದು. ಶಿಷ್ಯನು ಗುರುವಿನ ಮನೆಯಲ್ಲಿ ಯಾವ ಎಲ್ಲೆಯನ್ನು ಮೀರಬಾರದೋ ಗುರುವೂ ಶಿಷ್ಯನ ಮನೆಯಲ್ಲಿ ಅದೇ ಎಲ್ಲೆಯನ್ನು ಮೀರಬಾರದೆಂಬುದೇ ಇದರ ತಾತ್ಪರ್ಯ.

ಇದಕ್ಕೆ ವಿರೋಧವಾದ ವಚನವೂ ಇದೆಯೆಂಬುದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಗುರುವಿನ ದೂಷಣೆ ನಡೆಯುವ ಎಡೆಯಲ್ಲಿ ಶಿಷ್ಯನು ಕಿವಿ ಮುಚ್ಚಿಕೊಳ್ಳಬೇಕು, ಇಲ್ಲವೆ ಎದ್ದು ಹೋಗಬೇಕೆಂದು ಅದೇ ಮನುವು ಎರಡನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ವ್ಯಾಖ್ಯಾನಕಾರನಾದ ಕುಲ್ಲೂಕನು, ಇಲ್ಲದ ದೋಷವನ್ನು ಆಡುವುದಷ್ಟೇ ಅಲ್ಲ, ಇರುವ ದೋಷವನ್ನು ಆಡುವುದೂ ಇದರಲ್ಲಿ ಅಡಕವೆಂದು ಬಿಡಿಸಿ ಹೇಳಿದ್ದಾನೆ. ಹಾಗಾದರೆ ಗುರುವಿನ ನಿಜವಾದ ತಪ್ಪನ್ನೂ ಯಾರೂ ಕೇಳಲೇಬಾರದೆ? ಈ ಎರಡು ವಿಧಿಗಳನ್ನು ಹೊಂದಿಸಿ ನೋಡಿದರೆ ಸಂದೇಹವು ಪರಿಹಾರವಾಗುತ್ತದೆ. ಕಿವಿ ಮುಚ್ಚಿಕೊಳ್ಳತಕ್ಕವನು ಹರಟೆಯ ನಡುವೆ ಕುಳಿತ ಶಿಷ್ಯನು. ರಾಜನಿಗೆ ಆ ವಿಧಿಯಿಲ್ಲ. ರಾಜನು ಕಿವಿ ಮುಚ್ಚಿಕೊಂಡರೆ ಗೌತಮರು ಹೇಳಿದ ದಂಡನೆಯನ್ನು ನಡೆಸುವವರಾರು? ನಮ್ಮ ಜನರಾದರೋ ಶಿಷ್ಯನಿಗೆ ಹೇಳಿದ ಮಾತನ್ನು ಊರಿಗೆಲ್ಲಾ ಅನ್ವಯಿಸಿ, ರಾಜನಿಗೆ ಹೇಳಿದ್ದನ್ನು ಮರೆತುಬಿಟ್ಟರು.

೨

ಕೃಷ್ಣರಾಜನಗರದ ಸಮೀಪದ ಸಾಲಿಗ್ರಾಮವು ಗುರುಭಕ್ತಿಗೆ ಹೆಸರಾದ ಕ್ಷೇತ್ರ. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ನಾಡಿಗೆ ಬಂದ ಶ್ರೀ ರಾಮಾನುಜಾಚಾರ್ಯರು ಇಲ್ಲಿ ತಂಗಿದ್ದರೆಂದು ಸಂಪ್ರದಾಯವು ಹೇಳುತ್ತದೆ. ಶ್ರೀಪಾದತೀರ್ಥವನ್ನು ಇಂದಿಗೂ ಯಾತ್ರಿಕರು ದರ್ಶನಮಾಡುತ್ತಾರೆ. ಈ ಊರಿನ ವಡುಗನಂಬಿಯು ಆಚಾರ್ಯರನ್ನಲ್ಲದೆ ಬೇರೆ ದೈವವನ್ನರಿಯದ ಶಿಷ್ಯನು. ಶ್ರೀರಂಗದಲ್ಲಿ ರಂಗನಾಥನ ಉತ್ಸವವು ಬಾಗಿಲಿಗೆ ಬಂದಾಗ, ತಾನು ಹೊರಗೆ ಬಂದರೆ ತನ್ನ ದೇವರಿಗಾಗಿ ಒಲೆಯ ಮೇಲಿಟ್ಟ ಹಾಲು ಉಕ್ಕಿಹೋದೀತೆಂದನಂತೆ. ಅವನ ದೇವರೆಂದರೆ ಗುರುಗಳೇ.

ಈ ಕಥೆಯನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ಆದರೆ ಇದೇ ರಾಮಾನುಜರು ಬಾಲ್ಯದಲ್ಲಿ ತಮ್ಮ ಗುರುವಿನಿಂದಲೇ ಪ್ರಾಣಭಯಕ್ಕೆ ಒಳಗಾದ ಕಥೆಯನ್ನು ಗುರುಪರಂಪರಾ ಗ್ರಂಥಗಳು ಅಷ್ಟೇ ಸ್ಪಷ್ಟವಾಗಿ ಹೇಳಿದ್ದರೂ ಅದನ್ನು ಮಕ್ಕಳಿಗೆ ಹೇಳುವವರು ವಿರಳ. ಕಂಚಿಯ ಯಾದವಪ್ರಕಾಶನು ತನ್ನ ವ್ಯಾಖ್ಯಾನವನ್ನು ಪ್ರಶ್ನಿಸಿದ ಶಿಷ್ಯನ ಮೇಲೆ ಅಸೂಯೆಗೊಂಡು, ಕಾಶೀಯಾತ್ರೆಯ ನೆವದಿಂದ ಕರೆದೊಯ್ದು ಗಂಗೆಯಲ್ಲಿ ಮುಳುಗಿಸಲು ಹವಣಿಸಿದನು. ಆ ಸಂಚನ್ನು ತಿಳಿಸಿ ರಾಮಾನುಜರನ್ನು ಉಳಿಸಿದವನು ಸಹಪಾಠಿಯೂ ಬಂಧುವೂ ಆದ ಗೋವಿಂದನು. ಅವನೂ ಅದೇ ಗುರುವಿನ ಶಿಷ್ಯನೇ. ಆದರೂ ಅವನು ಕಿವಿ ಮುಚ್ಚಿಕೊಳ್ಳಲಿಲ್ಲ, ಬಾಯಿಯನ್ನೂ ಮುಚ್ಚಿಕೊಳ್ಳಲಿಲ್ಲ. ಅವನನ್ನು ಗುರುದ್ರೋಹಿಯೆಂದು ಸಂಪ್ರದಾಯವು ಕರೆದಿಲ್ಲ. ಎಂಬಾರೆಂಬ ಹೆಸರಿನಿಂದ ಆಚಾರ್ಯರ ಸಾಲಿನಲ್ಲಿಯೇ ಕುಳ್ಳಿರಿಸಿದೆ. ಯಾದವಪ್ರಕಾಶನಾದರೋ ಮುಂದೆ ಪಶ್ಚಾತ್ತಾಪಗೊಂಡು ತನ್ನ ಶಿಷ್ಯನಿಗೇ ಶಿಷ್ಯನಾದನು. ಗುರುವಿನ ದೋಷವನ್ನು ಹೇಳಿಯೂ ಗುರುತ್ವವನ್ನು ಕೆಡಿಸದ ಪರಂಪರೆ ನಮ್ಮದೇ ಆಗಿತ್ತೆಂಬುದಕ್ಕೆ ಇದು ಸಾಕ್ಷಿ.

೩

ಇನ್ನು ಕೂಲಿಮಠಗಳ ಕಾಲ. ಊರಿನ ದೇವಸ್ಥಾನದ ಅಂಕಣದಲ್ಲಿಯೋ ಯಾರದಾದರೂ ಪಡಸಾಲೆಯಲ್ಲಿಯೋ ಐಗಳು ಹತ್ತಾರು ಹುಡುಗರನ್ನು ಕೂರಿಸಿಕೊಂಡು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಹುಡುಗರ ಮನೆಗಳಿಂದ ಬರುವ ಅಲ್ಪ ಹಣ, ದವಸ, ಮಹಾನವಮಿಯಲ್ಲಿ ಮಕ್ಕಳು ಮನೆಮನೆಗೆ ಹೋಗಿ ಚೌಪದ ಹಾಡಿ ತಂದ ಕಾಣಿಕೆ, ಇಷ್ಟೇ ಅವರ ಜೀವನ. ಮದರಾಸಿನ ಗವರ್ನರ್ ಥಾಮಸ್ ಮನ್ರೋ ೧೮೨೨ರಲ್ಲಿ ನಡೆಸಿದ ವಿಚಾರಣೆಗೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ ೧೮೨೩ರಲ್ಲಿ ಬರೆದ ವರದಿಯು ಇಂತಹ ಕನ್ನಡ ಮತ್ತು ತೆಲುಗು ಮಠಗಳ ಚಿತ್ರವನ್ನು ಚೆನ್ನಾಗಿ ಕೊಡುತ್ತದೆ. ಆ ಜಿಲ್ಲೆಯಲ್ಲಿ ೫೩೩ ಶಾಲೆಗಳು, ೬,೬೪೧ ವಿದ್ಯಾರ್ಥಿಗಳು. ಅವರಲ್ಲಿ ಹೆಣ್ಣುಮಕ್ಕಳು ಅರವತ್ತೇ ಮಂದಿ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಕ್ರಮವನ್ನು ಕ್ಯಾಂಬೆಲ್ ಬಹಳ ಮೆಚ್ಚಿದ್ದಾನೆ; ಇಂಗ್ಲೆಂಡಿನಲ್ಲಿಯೂ ಅದನ್ನು ಅನುಕರಿಸಿದ್ದು ಯುಕ್ತವೇ ಎಂದಿದ್ದಾನೆ.

ಅದೇ ವರದಿಯಲ್ಲಿ ಶಿಕ್ಷೆಗಳ ವಿವರವೂ ಇದೆ. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು, ಹೀಗೆಯೇ ಬಂದ ಸರದಿಗೆ ತಕ್ಕಂತೆ ಹೆಚ್ಚುತ್ತಾ ಹೋಗುವುದು. ಸೋಮಾರಿಗಳನ್ನು ಎರಡು ಕೈಗಳನ್ನೂ ಕಟ್ಟಿ ಮಾಡಿಗೆ ತೂಗುಹಾಕುತ್ತಿದ್ದರು. ನಮ್ಮ ಸೀಮೆಯ ಅಜ್ಜಂದಿರು ಕೋದಂಡವೆಂದು ಕರೆಯುತ್ತಿದ್ದುದು ಇದನ್ನೇ. ಸೀಳಿದ ಬಿದಿರಿಗೂ ಮೀರಿದರೆ ರಾಜದಂಡವೆಂದ ಗೌತಮರೆಲ್ಲಿ, ಕೋದಂಡವೆಲ್ಲಿ! ಶಾಸ್ತ್ರದ ಎಲ್ಲೆಯನ್ನು ರೂಢಿಯು ನುಂಗಿದ ಬಗೆ ಇದು. ಆದರೂ ಕೂಲಿಮಠದಲ್ಲಿ ಒಂದು ಅಂಕುಶವಿತ್ತು. ಐಗಳು ಊರಿನಲ್ಲಿಯೇ, ಊರವರ ಕಣ್ಣೆದುರಿಗೇ ಬಾಳಬೇಕು. ಮನೆಯವರು ಹುಡುಗನನ್ನು ಮಠ ಬಿಡಿಸಿದರೆ ಐಗಳ ಅನ್ನಕ್ಕೇ ಕೊರತೆ.

ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆಯು ೧೮೫೭ರಲ್ಲಿ ಸ್ಥಾಪಿತವಾಯಿತು. ಬಿ. ಎಲ್. ರೈಸ್ ಅವರ ಯೋಜನೆಯಂತೆ ೧೮೬೮ರಿಂದ ಹೋಬಳಿಗೊಂದು ಶಾಲೆ ಏರ್ಪಟ್ಟು, ತರಬೇತಿ ಹೊಂದಿದ ಉಪಾಧ್ಯಾಯರಿಗೆ ಸರ್ಕಾರದ ಸಂಬಳ ದೊರೆಯಿತು. ೧೮೮೧ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ ಆರಂಭವಾಗಿ, ಕ್ರಮೇಣ ಹಳ್ಳಿಗಳಲ್ಲಿಯೂ ಹೆಣ್ಣುಮಕ್ಕಳು ಹಲಗೆ ಹಿಡಿದರು. ಇದರಿಂದಾದ ಉಪಕಾರವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಉಪಾಧ್ಯಾಯನು ಈಗ ಊರವರಿಗೆ ಉತ್ತರವಾದಿಯಲ್ಲ, ದೂರದ ಇನ್‌ಸ್ಪೆಕ್ಟರಿಗೆ ಉತ್ತರವಾದಿ. ಅವನ ತಪ್ಪಿಗೆ ಊರವರ ಕೈಯಲ್ಲಿ ಉಳಿದ ಮದ್ದು ಒಂದೇ: ವರ್ಗ. ವರ್ಗವೆಂಬುದು ಐಗಳ ಕಾಲದಲ್ಲಿರಲಿಲ್ಲ. ಊರಿನ ಮಾನ ಉಳಿಯಿತು, ಉಪಾಧ್ಯಾಯನ ಅನ್ನ ಉಳಿಯಿತು, ತಪ್ಪು ಮಾತ್ರ ಹತ್ತು ಹರದಾರಿ ಆಚೆಯ ಇನ್ನೊಂದು ಶಾಲೆಗೆ ನಡೆದುಹೋಯಿತು.

ಈ ಮಾತನ್ನು ನಾನು ಊಹೆಯಿಂದ ಬರೆಯುತ್ತಿಲ್ಲ. ಸೇವೆಗೆ ಸೇರಿದ ಹೊಸತರಲ್ಲಿ ನಾನಿದ್ದ ಶಾಲೆಯೊಂದರಲ್ಲಿ, ಏಳನೆಯ ತರಗತಿಯ ಬಾಲಕಿಯೊಬ್ಬಳ ತಂದೆತಾಯಿಗಳು ಒಂದು ಸಂಜೆ ಮುಖ್ಯೋಪಾಧ್ಯಾಯರ ಮನೆಗೆ ಬಂದು ಅಳುತ್ತ ನಿಂತರು. ದೂರು ನನ್ನ ಸಹೋದ್ಯೋಗಿಯೊಬ್ಬರ ಮೇಲೆ. ಹಿರಿಯರು ಸೇರಿದರು. ಹುಡುಗಿಯ ಭವಿಷ್ಯ, ಊರಿನ ಹೆಸರು, ಗುರುವಿನ ಸ್ಥಾನ ಎಲ್ಲವನ್ನೂ ಎತ್ತಿ ಆಡಿದರು. ಹುಡುಗಿಯನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಕೊನೆಗೆ ಆತನಿಂದ ವರ್ಗಕ್ಕೆ ಅರ್ಜಿ ಬರೆಯಿಸುವುದೆಂದು ನಿಶ್ಚಯವಾಯಿತು. ಅಕ್ಷರ ದುಂಡಗಿದೆಯೆಂದು ಅರ್ಜಿಯನ್ನು ನನ್ನಿಂದ ಬರೆಸಿದರು. ವೃದ್ಧಳಾದ ತಾಯಿಯ ಅನಾರೋಗ್ಯವೆಂದು ಕಾರಣ ಬರೆದೆ. ತಿಂಗಳೊಳಗೆ ವರ್ಗವಾಯಿತು. ಹುಡುಗಿಯು ಆ ವರ್ಷವೇ ಶಾಲೆ ಬಿಟ್ಟಳು. ಆಗ ನನಗೆ ಗೌತಮಸೂತ್ರವು ಕಂಠಪಾಠವಾಗಿತ್ತು.

೪

ಈಗಿನ ಕಾನೂನುಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸರ್ಕಾರಿ ಉಪಾಧ್ಯಾಯನ ಮೇಲಿನ ಆರೋಪವನ್ನು ೧೯೫೭ರ ಕರ್ನಾಟಕ ನಾಗರಿಕ ಸೇವಾ ನಿಯಮಗಳಂತೆ ವಿಚಾರಿಸುವ ಕ್ರಮವಿದೆ: ಆರೋಪಪಟ್ಟಿ, ಅದಕ್ಕೆ ಉತ್ತರ, ಸಾಕ್ಷ್ಯ, ಆಮೇಲೆ ನಿರ್ಣಯ. ಅಪವಾದಕ್ಕೆ ಗುರಿಯಾದ ನಿರ್ದೋಷಿಗೂ ಇದೇ ರಕ್ಷೆ. ಗುಸುಗುಸು ಮಾತಿಗೆ ಹೆದರಿ ವರ್ಗ ಹೊಂದಿದವನು ತನ್ನ ನಿರ್ದೋಷಿತ್ವವನ್ನು ಎಂದಿಗೂ ತೋರಿಸಲಾರನು. ಮಗುವನ್ನು ಆರೋಪಿಯ ಎದುರಿಗೆ ನಿಲ್ಲಿಸಿ ಪಾಟೀಸವಾಲಿಗೆ ಗುರಿಮಾಡುವುದರ ಸಂಕಟವನ್ನು ಸರ್ವೋಚ್ಚ ನ್ಯಾಯಾಲಯವು ೧೯೯೬ರಲ್ಲಿಯೇ ಮನಗಂಡು, ವಿದ್ಯಾರ್ಥಿನಿಯೊಡನೆ ಅನುಚಿತವಾಗಿ ನಡೆದುಕೊಂಡ ನವೋದಯ ವಿದ್ಯಾಲಯದ ಅಧ್ಯಾಪಕನೊಬ್ಬನನ್ನು ಪೂರ್ಣ ವಿಚಾರಣೆಯಿಲ್ಲದೆ ಕೆಲಸದಿಂದ ತೆಗೆದುದನ್ನು ಎತ್ತಿಹಿಡಿಯಿತು.

೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಉಪಾಧ್ಯಾಯನು ಖಾಸಗಿ ಪಾಠ ಹೇಳಿ ಹಣ ಗಳಿಸುವುದನ್ನೂ ತಡೆಯಿತು. ಮೊದಲನೆಯದರಲ್ಲಿ ಗೌತಮರ ಮೂಲವಿಧಿಯೂ ಎರಡನೆಯದರಲ್ಲಿ ಆಪಸ್ತಂಬರ ಸ್ವಾರ್ಥನಿಷೇಧದ ಛಾಯೆಯೂ ಕಾಣುವುದಿಲ್ಲವೆ? ೨೦೧೨ರ ಪೋಕ್ಸೋ ಕಾಯಿದೆಯು ವಿದ್ಯಾಸಂಸ್ಥೆಯ ಸಿಬ್ಬಂದಿಯಿಂದ ಅಲ್ಲಿಯ ಮಗುವಿನ ಮೇಲೆ ನಡೆದ ಲೈಂಗಿಕ ದೌರ್ಜನ್ಯವನ್ನು ಉಳಿದವರ ಅಪರಾಧಕ್ಕಿಂತ ಘೋರವೆಂದು ಎಣಿಸಿ ಹೆಚ್ಚಿನ ದಂಡನೆಯನ್ನು ವಿಧಿಸಿದೆ. ನಂಬಿಕೆಯ ಸ್ಥಾನದಲ್ಲಿರುವವನ ಪಾತಕವು ಮಹಾಪಾತಕವೆಂಬ ಹಳೆಯ ನ್ಯಾಯವೇ ಇದು. ಅಷ್ಟೇ ಅಲ್ಲ: ವಿಷಯವು ತಿಳಿದವರೆಲ್ಲರೂ ಪೋಲೀಸರಿಗೆ ತಿಳಿಸತಕ್ಕದ್ದು, ತನ್ನ ಕೈಕೆಳಗಿನವನ ಅಪರಾಧವನ್ನು ತಿಳಿಸದೆ ಉಳಿದ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆಯೂ ಜುಲ್ಮಾನೆಯೂ ಉಂಟು. ಮಗುವಿನ ಹೆಸರು ಹೊರಬೀಳದಂತೆ ಕಾಯುವ ವಿಧಿಯೂ ಅದರಲ್ಲಿದೆ. ಮಾನಕ್ಕೆ ಅಂಜಿ ಮುಚ್ಚಿಡಬೇಕೆಂಬ ವಾದಕ್ಕೆ ಇನ್ನು ಎಡೆಯಿಲ್ಲ.

ಈ ವಿಷಯದಲ್ಲಿ ಹೆಗ್ಗಡದೇವನಕೋಟೆ ಮತ್ತು ಹುಣಸೂರಿನ ಕಾಡಂಚಿನ ಆಶ್ರಮಶಾಲೆಗಳನ್ನು ವಿಶೇಷವಾಗಿ ನೆನೆಯಬೇಕು. ಜೇನುಕುರುಬರ, ಕಾಡುಕುರುಬರ ಮಕ್ಕಳು ಹಾಡಿಯನ್ನು ಬಿಟ್ಟು ಅಲ್ಲಿಯೇ ಉಂಡು ಮಲಗಿ ಓದುತ್ತಾರೆ. ಹಿಂದಿನವರು ಅಂತೇವಾಸಿಯೆಂದು ಕರೆದುದು ಇಂತಹ ಮಗುವನ್ನೇ. ಸಂಜೆ ಮನೆಗೆ ಹೋಗಿ ತಾಯಿಯೊಡನೆ ಹೇಳಿಕೊಳ್ಳುವ ಅವಕಾಶ ಆ ಮಗುವಿಗಿಲ್ಲ. ಹಾಡಿಯ ತಾಯಿಗೆ ಕಚೇರಿಯ ದಾರಿ ಗೊತ್ತಿಲ್ಲ. ಎಲ್ಲಿ ಗುರುವೇ ತಂದೆಯೂ ತಾಯಿಯೂ ಆಗಿರುವನೋ ಅಲ್ಲಿ ಹೊರಗಿನವರ ಕಣ್ಣು ಹೆಚ್ಚಾಗಿ ಬೇಕು. ೧೦೯೮ ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆ ಗೋಡೆಯ ಮೇಲಿದ್ದರೆ ಸಾಲದು. ಅದನ್ನು ಬಳಸಿದ ಮಗುವನ್ನು ಗದರಿಸದ ಹಿರಿಯರು ಬೇಕು.

ಆದಕಾರಣ, ಗುರುವಿಗೂ ಶಿಷ್ಯನಿಗೂ ನಡುವೆ ಕಾನೂನು ಬರುತ್ತಿರಲಿಲ್ಲವೆಂಬ ಮಾತು ಶಾಸ್ತ್ರಕ್ಕೂ ಸಲ್ಲದು, ಸಂಪ್ರದಾಯಕ್ಕೂ ಸಲ್ಲದು. ಶಿಷ್ಯನನ್ನು ತಿದ್ದುವುದು ಗುರುವಿನ ಕೆಲಸ. ತಪ್ಪಿದ ಗುರುವನ್ನು ವಿಚಾರಿಸುವುದು ರಾಜನ ಕೆಲಸ. ಜಗಲಿಯ ಪಂಚಾಯಿತಿಗೆ ಆ ಅಧಿಕಾರವನ್ನು ಯಾವ ಸೂತ್ರಕಾರನೂ ಕೊಟ್ಟಿಲ್ಲ. ಶಾಲಾಭಿವೃದ್ಧಿ ಸಮಿತಿಗಳಲ್ಲಿ ಕುಳಿತಿರುವ ನಮ್ಮ ವಾಚಕರು, ಮುಂದೆ ಇಂತಹ ದೂರು ಬಂದ ಸಂಜೆ, ಮೊದಲು ಮಗುವಿನ ಮಾತನ್ನು ಕೇಳಿ, ಆ ದಿನವೇ ಅದನ್ನು ಸಲ್ಲಬೇಕಾದ ಕಡೆಗೆ ಸಲ್ಲಿಸಬೇಕೆಂದು ಬೇಡುತ್ತೇನೆ. ವರ್ಗದ ಅರ್ಜಿಯನ್ನು ಬರೆದುಕೊಡೆಂದು ಯಾರಾದರೂ ಕಿರಿಯ ಉಪಾಧ್ಯಾಯನ ಮುಂದೆ ಕಾಗದವನ್ನಿಟ್ಟರೆ ಅವನು ಬರೆಯದಿರಲಿ. ನಾನು ಬರೆದ ಕಾಗದದಲ್ಲಿ ತಾಯಿಯ ಕಾಯಿಲೆಯಿತ್ತು, ದಿನಾಂಕವಿತ್ತು, ರುಜುವಿತ್ತು. ಆ ಬಾಲಕಿಯ ಸುದ್ದಿ ಮಾತ್ರ ಅದರಲ್ಲಿ ಎಲ್ಲಿಯೂ ಇರಲಿಲ್ಲ.