ಮೇಲೆ, ಕೆಳಗೆ, ಆಚೆ: ‘ಸಾಮಾನ್ಯಾವ್ಯಯ’ದ ಮರುಪರಿಶೀಲನೆ

ಕ್ರಿಯೆ ನಡೆದ ಸ್ಥಳ, ಕಾಲ, ರೀತಿಗಳನ್ನು ತಿಳಿಸುವ ಪದಗಳನ್ನೆಲ್ಲ ನಮ್ಮ ಶಾಲಾ ವ್ಯಾಕರಣಗಳು ‘ಸಾಮಾನ್ಯಾವ್ಯಯ’ ಎಂಬ ಒಂದೇ ಗುಂಪಿಗೆ ಸೇರಿಸುತ್ತವೆ. ಮೇಲೆ, ಕೆಳಗೆ, ಈಗ, ನಾಳೆ, ತಟ್ಟನೆ, ಸುಮ್ಮನೆ ಎಲ್ಲವೂ ಅಲ್ಲೇ. ಲಿಂಗ, ವಚನ, ವಿಭಕ್ತಿಗಳಿಂದ ರೂಪಭೇದ ಹೊಂದದ ಪದವೇ ಅವ್ಯಯ ಎಂಬ ಲಕ್ಷಣವನ್ನೂ ಅವೇ ಪುಸ್ತಕಗಳು ಅದೇ ಪಾಠದ ಮೊದಲಿಗೆ ಕೊಡುತ್ತವೆ. ಲಕ್ಷಣಕ್ಕೂ ಉದಾಹರಣೆಗಳಿಗೂ ತಾಳೆಯಾಗುವುದಿಲ್ಲ ಎಂಬುದೇ ಈ ಲೇಖನದ ತಕರಾರು.

ಹಿಂದಿನ ಚರ್ಚೆಯನ್ನು ಚುಟುಕಾಗಿ ನೋಡಬಹುದು. ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಕ್ಕೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟ. 1604ರಲ್ಲಿ ಭಟ್ಟಾಕಳಂಕ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲೇ ಬರೆದ. ಪಾಣಿನೀಯರ ಸ್ವರಾದಿಗಣದಲ್ಲಿ ‘ಉಚ್ಚೈಸ್’, ‘ನೀಚೈಸ್’ ಇವೆ. ಸಂಸ್ಕೃತದಲ್ಲಿ ಅವು ನಿಜಕ್ಕೂ ಅವ್ಯಯಗಳು. ಅದೇ ಅರ್ಥದ ಕನ್ನಡ ಪದಗಳಿಗೂ ಅದೇ ಹಣೆಪಟ್ಟಿ ಅಂಟಿದ್ದು ಹೀಗೆ ಎಂದು ಊಹಿಸಬಹುದು. ಇನ್ನೊಂದು ತುದಿಯಲ್ಲಿ, ದ್ರಾವಿಡ ಭಾಷೆಗಳಿಗೆ ಸ್ವತಂತ್ರವಾದ ಕ್ರಿಯಾವಿಶೇಷಣವೇ ಇಲ್ಲ ಎಂಬ ನಿಲುವು ಕಾಲ್ಡ್‌ವೆಲ್ಲರ ಕಾಲದಿಂದ ಇದೆ. ಸಂಸ್ಕೃತದ ಮತ್ತು ಇಂಗ್ಲಿಷಿನ ಅಚ್ಚುಗಳೆರಡನ್ನೂ ಬದಿಗಿಡಬೇಕೆಂದು ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದಲ್ಲಿ ವಾದಿಸಿದರು. ಅವರ ಮೂಲ ನಿಲುವನ್ನು ಇಲ್ಲಿ ಒಪ್ಪಿಕೊಂಡೇ ಮುಂದುವರಿಯುತ್ತೇನೆ.

ಈ ಪದಗಳನ್ನು ಪರೀಕ್ಷಿಸಲು ಕಳಸ ಸೀಮೆಯ ಸಂಸೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಕಳಸದಿಂದ ಕುದುರೆಮುಖದ ಕಡೆ ಹೋಗುವ ದಾರಿಯ ಈ ಊರಿನಲ್ಲಿ ಸಮತಟ್ಟು ನೆಲವೇ ಅಪರೂಪ. ಗುಡ್ಡದ ಮೇಲೆ ಕಾಫಿ, ಕೆಳಗೆ ಅಡಿಕೆ, ಇನ್ನೂ ಕೆಳಗೆ ಗದ್ದೆ, ಹಳ್ಳ. ‘ಕೆಳಗೆ ಹೋಗಿದ್ದಾರೆ’ ಎಂದರೆ ತೋಟಕ್ಕೂ ಆಗಬಹುದು, ಘಟ್ಟ ಇಳಿದು ಕಾರ್ಕಳ–ಮಂಗಳೂರಿಗೂ ಆಗಬಹುದು. ಕರಾವಳಿಯಿಂದ ಬಂದವರು ‘ಘಟ್ಟದ ಕೆಳಗಿನವರು’. ಮನೆಗಳನ್ನು ಗುರುತಿಸುವುದೂ ಮಲೆನಾಡಿನ ವಾಡಿಕೆಯಂತೆ ಮೇಲಿನಮನೆ, ಕೆಳಗಿನಮನೆ, ಆಚೆಮನೆ ಎಂದೇ.

ಇದೇ ಊರಿನ ಹುಡುಗ ಇಂಗ್ಲಿಷ್ ತರಗತಿಯಲ್ಲಿ ‘ಡೌನ್’ ಎಂಬ ಪದದ ಮುಂದೆ ಕೂರುತ್ತಾನೆ. ‘ಹಿ ವೆಂಟ್ ಡೌನ್’ ಎಂದಾಗ ಅದು ಆ್ಯಡ್ವರ್ಬ್, ‘ಡೌನ್ ದ ಹಿಲ್’ ಎಂದಾಗ ಪ್ರಿಪೊಸಿಷನ್ ಎಂದು ಅವನ ನಿಘಂಟು ಹೇಳುತ್ತದೆ. ಒಂದೇ ಪದಕ್ಕೆ ಎರಡು ಜಾತಿ ಏಕೆ ಎಂದು ಯೆಸ್ಪರ್ಸನ್ 1924ರಲ್ಲೇ ಕೇಳಿದ್ದರು. ಹಡಲ್ಸ್ಟನ್ ಮತ್ತು ಪುಲ್ಲಮ್ ಅವರ 2002ರ ಕೇಂಬ್ರಿಜ್ ವ್ಯಾಕರಣ ಎರಡೂ ಕಡೆ ಅದು ಪ್ರಿಪೊಸಿಷನ್ನೇ ಎಂದು ತೀರ್ಮಾನಿಸಿತು. ಮುಂದೆ ನಾಮಪದ ಬಂದರೂ ಸರಿ, ಬಾರದಿದ್ದರೂ ಸರಿ. ಪದದ ಬಾಲ ನೋಡಿ ವರ್ಗ ಹೇಳುವ ಉಪಾಯವೂ ಅಲ್ಲಿ ನಡೆಯುವುದಿಲ್ಲ. ‘ಫ್ರೆಂಡ್ಲಿ’ಯಲ್ಲಿ ‘ಲಿ’ ಇದ್ದರೂ ಅದು ವಿಶೇಷಣ. ‘ಫಾಸ್ಟ್’ ಬಾಲವಿಲ್ಲದೆಯೇ ಕ್ರಿಯಾವಿಶೇಷಣವಾಗುತ್ತದೆ. ಪದ ವಾಕ್ಯದಲ್ಲಿ ಯಾವುದರ ಜೊತೆ ಕೂಡುತ್ತದೆ, ಯಾವುದನ್ನು ದೂರವಿಡುತ್ತದೆ ಎಂದು ನೋಡುವುದೇ ಉಳಿದ ದಾರಿ.

ಆ ದಾರಿಯನ್ನು ಕನ್ನಡಕ್ಕೆ ತಂದರೆ ಉತ್ತರ ಮಾತ್ರ ಬೇರೆಯೇ ಬರುತ್ತದೆ. ‘ಘಟ್ಟದ ಕೆಳಗೆ’ ಎಂಬಲ್ಲಿ ಕೆಳಗೆ ಎಂಬುದನ್ನು ಅನುಸರ್ಗ ಎನ್ನುವ ರೂಢಿ ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣಗಳಲ್ಲಿದೆ. ಈ ರೂಢಿಯನ್ನು ಪೂರ್ತಿ ಒಪ್ಪುವುದು ಕಷ್ಟ. ನಿಜವಾದ ಅನುಸರ್ಗ ಹೇಗಿರುತ್ತದೆ ಎಂಬುದಕ್ಕೆ ‘ತನಕ’ವನ್ನು ನೋಡಿ. ‘ಕಳಸದ ತನಕ ಬಸ್ಸಿದೆ’ ಸರಿ. ಬರೀ ‘ತನಕ ಬಸ್ಸಿದೆ’ ಎನ್ನಲಾಗದು, ‘ತನಕದಿಂದ’ ಎಂಬ ರೂಪವೂ ಇಲ್ಲ. ಕೆಳಗೆ ಹಾಗಲ್ಲ. ಒಂಟಿಯಾಗಿ ನಿಲ್ಲುತ್ತದೆ, ಕೆಳಕ್ಕೆ, ಕೆಳಗಿನಿಂದ, ಕೆಳಗಿನ ಎಂದು ವಿಭಕ್ತಿಗಳನ್ನೂ ಪಡೆಯುತ್ತದೆ. ಆಚೆಗೆ, ಆಚೆಯಿಂದ, ಆಚೆಯವರು. ಮೇಲಕ್ಕೆ, ಮೇಲಿನಿಂದ, ಮೇಲಿನವರು. ‘ಮೇಲಿಂದ ಕೆಳಕ್ಕೆ’ ಎಂಬ ಮಾತಿನ ಕಟ್ಟು ‘ಕಳಸದಿಂದ ಸಂಸೆಗೆ’ ಎಂಬುದರ ಕಟ್ಟೇ. ವಿಭಕ್ತಿ ಹತ್ತುವ ಪದ ಅವ್ಯಯವಾಗುವುದು ಹೇಗೆ?

ಇಲ್ಲಿ ಎದುರುವಾದಿ ಒಂದು ಬಲವಾದ ಆಕ್ಷೇಪ ಎತ್ತಬಹುದು. ತಣ್ಣನೆಯ ಗಾಳಿ, ಬೆಚ್ಚನೆಯ ಕಾಫಿ ಎನ್ನುತ್ತೇವಲ್ಲ? ಷಷ್ಠಿಯಂಥ ಈ ಪ್ರತ್ಯಯ ಹತ್ತಿದ ಮಾತ್ರಕ್ಕೆ ‘ತಣ್ಣನೆ’ಯೂ ನಾಮಪದವಾಗಿಬಿಡುತ್ತದೆಯೇ? ಆಕ್ಷೇಪ ನ್ಯಾಯವಾದದ್ದೇ. ‘ಕಳಸದವರೆಗಿನ ರಸ್ತೆ’ ಎಂಬಲ್ಲಿ ‘ವರೆಗೆ’ಗೂ ಅದು ಹತ್ತಿದೆ. ಹಾಗಾಗಿ ಷಷ್ಠಿಯ ಪರೀಕ್ಷೆಯನ್ನು ಕೈಬಿಡಲೇಬೇಕು. ನಾಮವಲ್ಲದ್ದಕ್ಕೂ ಒಗ್ಗುವ ಪ್ರತ್ಯಯದಿಂದ ನಾಮವನ್ನು ಗುರುತಿಸಲಾಗದು. ‘ಕೆಳಗಿನವರು’ ಎಂಬುದನ್ನೂ ಸಾಕ್ಷಿಯಾಗಿ ಬಳಸುವಂತಿಲ್ಲ, ಏಕೆಂದರೆ ‘ತಣ್ಣನೆಯದು’ ಎಂಬುದೂ ಇದೆ. ನಿಜವಾದ ಗೆರೆ ಎಳೆಯುವುದು ‘ಇಂದ’ ಮತ್ತು ‘ಗೆ/ಕ್ಕೆ’ ಪ್ರತ್ಯಯಗಳು. ‘ಕೆಳಗಿನಿಂದ ಬಂದ’ ಎನ್ನುವ ಯಾರೂ ‘ತಟ್ಟನೆಯಿಂದ ಬಂದ’ ಎನ್ನುವುದಿಲ್ಲ. ‘ವರೆಗಿನಿಂದ’ ಎಂದೂ ಇಲ್ಲ. ಪ್ರಶ್ನಾಪದಗಳೂ ಇದೇ ಗೆರೆಯ ಎರಡು ಬದಿಗೆ ಬೀಳುತ್ತವೆ: ಎಲ್ಲಿ, ಎಲ್ಲಿಗೆ, ಎಲ್ಲಿಂದ ಎಂಬ ಸಾಲು ಒಂದು ಕಡೆ, ಒಂಟಿ ‘ಹೇಗೆ’ ಇನ್ನೊಂದು ಕಡೆ. ಒಳಗೆಲ್ಲ ಹೊಗೆ, ಕೆಳಗೆಲ್ಲ ಕೆಸರು ಎಂದು ‘ಎಲ್ಲ’ ಸೇರಿಸಬಹುದು. ‘ಮೆಲ್ಲನೆಯೆಲ್ಲ’ ಎಂದರೆ ನಗೆಪಾಟಲು.

ಈ ಆಧಾರದ ಮೇಲೆ ನನ್ನ ಪ್ರಸ್ತಾವ ಇಷ್ಟು. ಮೇಲೆ, ಕೆಳಗೆ, ಒಳಗೆ, ಹೊರಗೆ, ಆಚೆ, ಈಚೆ ಇವು ಸ್ಥಳನಾಮಗಳು. ಇವುಗಳ ವಿಭಕ್ತಿಮಾಲೆ ಮೊಟಕು, ಆದರೂ ನಾಮಗಳೇ. ಈಗ, ಆಗ, ನಿನ್ನೆ, ನಾಳೆಗಳನ್ನೂ ಇದೇ ಕಡೆಗೆ ಎಳೆಯಬಹುದು: ನಿನ್ನೆಯಿಂದ, ನಾಳೆಗೆ. ತಟ್ಟನೆ, ಸುಮ್ಮನೆ, ಮೆಲ್ಲನೆಗಳ ರೀತಿವಾಚಕ ಗುಂಪು ಮಾತ್ರ ಹೊರಗುಳಿಯುತ್ತದೆ. ಅದು ಚಿಕ್ಕದಾದರೂ ಕ್ರಿಯಾವಿಶೇಷಣ ಎಂಬ ಹೆಸರಿಗೆ ಅರ್ಹ; ಆ ಮಟ್ಟಿಗೆ ಕಾಲ್ಡ್‌ವೆಲ್ ಪರಂಪರೆಯ ನಿರಾಕರಣೆ ಅತಿಯಾಯಿತು.

‘ನಾಮ’ ಎಂಬ ಮಾತನ್ನು ಇಲ್ಲಿ ಎಚ್ಚರದಿಂದಲೇ ಬಳಸಿದ್ದೇನೆ. ಬಹುವಚನ ಇವಕ್ಕಿಲ್ಲ. ‘ದೊಡ್ಡ ಕೆಳಗೆ’ ಎನ್ನುವಂತೆ ವಿಶೇಷಣವೂ ಕೂಡುವುದಿಲ್ಲ. ಎಲ್ಲಕ್ಕಿಂತ ತೊಡಕಿನದು ದ್ವಿತೀಯೆ: ‘ಕೆಳಗನ್ನು ನೋಡಿದೆ’ ಎಂದು ಸಂಸೆಯಲ್ಲಷ್ಟೇ ಅಲ್ಲ, ಆಡುಮಾತಿನಲ್ಲಿ ಎಲ್ಲೂ ಸಲ್ಲದು. ಒಳಗು, ಹೊರಗು ಎಂಬ ಉಕಾರಾಂತ ರೂಪಗಳು ಭಾಷೆಯಲ್ಲಿರುವುದರಿಂದ ಒಂದು ಕಾಲಕ್ಕೆ ಮಾಲೆ ಪೂರ್ಣವಾಗಿತ್ತು, ಆಮೇಲೆ ಸವೆಯಿತು ಎನ್ನಲು ಆಸೆಯಾಗುತ್ತದೆ. ಆದರೆ ಇದೇ ಸಾಕ್ಷ್ಯದಿಂದ ‘ಆಚೆ’ಯ ಬಗ್ಗೆ ಹಾಗೆ ಹೇಳಲಾಗದು, ಅದಕ್ಕೆ ಅಂಥ ಜೋಡಿರೂಪವಿಲ್ಲ. ಮೊಟಕು ಎನ್ನುವುದು ವರ್ಣನೆಯಷ್ಟೇ, ವಿವರಣೆ ಅಲ್ಲ ಎಂದು ಯಾರಾದರೂ ಹೇಳಿದರೆ ಸದ್ಯಕ್ಕೆ ಒಪ್ಪಿಕೊಳ್ಳಬೇಕಾಗುತ್ತದೆ.

‘ಗೆ’ಯ ಸಮಸ್ಯೆಯೂ ಉಳಿದಿದೆ. ಕೆಳಗೆ ಎಂಬುದರ ಕೊನೆಯಲ್ಲಿ ಚತುರ್ಥಿಯ ‘ಗೆ’ ಇದೆಯೆಂದು ತೋರಬಹುದು. ಆದರೆ ಪಕ್ಕದಲ್ಲೇ ‘ಮೇಲ್ + ಎ’ ಇರುವಾಗ ‘ಕೆಳಗ್ + ಎ’ ಎಂದು ಒಡೆಯುವುದೇ ಹೆಚ್ಚು ಸರಿ. ಹಾಗಾದರೆ ತಣ್ಣಗೆ, ಸಣ್ಣಗೆ, ಮೆಲ್ಲಗೆಗಳ ‘ಗೆ’ ಎಲ್ಲಿಂದ ಬಂತು? ಅದು ಚತುರ್ಥಿಯೇ ಆಗಿದ್ದರೆ ರೀತಿವಾಚಕಗಳಲ್ಲೂ ಒಂದು ಭಾಗ ಹಳೆಯ ನಾಮಗಳ ಅವಶೇಷವಾಗುತ್ತದೆ, ಮೇಲೆ ಎಳೆದ ಗೆರೆ ಇತಿಹಾಸದಲ್ಲಿ ಹಿಂದಕ್ಕೆ ಹೋದಷ್ಟೂ ಮಸುಕಾಗುತ್ತದೆ. ಕಳಸ–ಸಂಸೆಯ ಸುತ್ತ ಕನ್ನಡದ ಜೊತೆಗೇ ಆಡುವ ತುಳುವಿನ ಮಿತ್ತ್, ತಿರ್ತ್‌ಗಳನ್ನು ಇದೇ ಪರೀಕ್ಷೆಗೆ ಒಡ್ಡಿದರೆ ಸ್ಥಳವಾಚಕಗಳ ಮಟ್ಟಿಗೆ ಸ್ವಲ್ಪ ಬೆಳಕು ಬೀಳಬಹುದು. ರೀತಿವಾಚಕ ‘ಗೆ’ಗೆ ಹಳಗನ್ನಡ ಶಾಸನಗಳ ಪ್ರಯೋಗಗಳನ್ನೇ ಹುಡುಕಬೇಕು.