ಕೋವಿಯ ಸುರಕ್ಷತೆ (ಗಿಲ್‌ರಾಯ್ ಪ್ರದೇಶ)

ಕ್ಯಾಲಿಫೋರ್ನಿಯ ರಾಜ್ಯದ ಸಾಂಟಾ ಕ್ಲಾರಾ ಕೌಂಟಿಯ ದಕ್ಷಿಣಾಂಚಿನಲ್ಲಿ, ಬೆಳ್ಳುಳ್ಳಿಯಿಂದ ಹೆಸರಾದ ಗಿಲ್‌ರಾಯ್ ಪಟ್ಟಣದಲ್ಲಿಯೂ ಅದರ ನೆರೆಯ ಊರುಗಳಲ್ಲಿಯೂ ಕೋವಿಯನ್ನು ಹಿಡಿಯುವ, ಇಡುವ ಮತ್ತು ಕಾಯುವ ಕ್ರಮವನ್ನು ಕುರಿತು ಬೆಳೆದುಬಂದ ರೂಢಿ ಹಾಗೂ ಶಾಸನಗಳ ಇತಿಹಾಸ. ಈ ಊರನ್ನೂ ಕೋವಿಯನ್ನೂ ಒಟ್ಟಿಗೆ ಹೆಸರಿಸುವ ಬರಹಗಳು ಬಹುಮಟ್ಟಿಗೆ 2019ರ ಬೆಳ್ಳುಳ್ಳಿ ಹಬ್ಬದ ಹತ್ಯಾಕಾಂಡದಲ್ಲಿಯೇ ನಿಂತುಬಿಡುವುದರಿಂದ, ಅಜಾಗರೂಕತೆಯ ಅನಾಹುತವೂ ಸಂಕಲ್ಪಪೂರ್ವಕವಾದ ಕೊಲೆಯೂ ಒಂದೇ ಶೀರ್ಷಿಕೆಯಡಿ ಬೆರೆತುಹೋಗಿವೆ. ಪ್ರಸ್ತುತ ಲೇಖನದ ವಿಷಯ ಮೊದಲನೆಯದು.

1814ರಲ್ಲಿ ಮಾಂಟೆರೆಯಲ್ಲಿ ಹಡಗಿನಿಂದಿಳಿದ ಸ್ಕಾಟ್ಲೆಂಡಿನ ನಾವಿಕ ಜಾನ್ ಗಿಲ್‌ರಾಯ್‌ನ ಹೆಸರನ್ನು ಹೊತ್ತ ಈ ಊರು 1870ರಲ್ಲಿ ಪೌರಾಡಳಿತವನ್ನು ಪಡೆಯಿತು. ಜಾನುವಾರುಗಳ ರಾಂಚುಗಳ ಆ ಕಾಲದಲ್ಲಿ ಸುರಕ್ಷತೆಯೆಂಬುದು ಶಾಸನವಾಗಿರದೆ ಕೈಯ ಅಭ್ಯಾಸವಾಗಿತ್ತು. 1873ರ ಕೋಲ್ಟ್ ರಿವಾಲ್ವರಿನ ಸುತ್ತಿಗೆಯ ಮೊನೆ, ಸುತ್ತಿಗೆಯನ್ನು ಪೂರ್ತಿ ಇಳಿಸಿದಾಗ, ತೋಟಾದ ಬೆನ್ನಿಗೇ ತಾಗಿಕೊಂಡಿರುತ್ತಿದ್ದುದರಿಂದ, ಆಯುಧವು ಜಾರಿ ನೆಲಕ್ಕೆ ಬಿದ್ದರೆ ಗುಂಡು ಹಾರುವ ಸಂಭವವಿತ್ತು. ಬಲ್ಲವರು ಆರು ಗೂಡುಗಳಲ್ಲಿ ಐದನ್ನು ಮಾತ್ರ ತುಂಬಿ ಸುತ್ತಿಗೆಯನ್ನು ಖಾಲಿ ಗೂಡಿನ ಮೇಲೆ ಇಳಿಸುತ್ತಿದ್ದರು. ಈ ಬಗೆಯ ರಿವಾಲ್ವರಿಗೆ ರೂಗರ್ ಕಂಪನಿಯು ಯಾಂತ್ರಿಕ ತಡೆಯನ್ನು ಅಳವಡಿಸಿದ್ದು ನೂರು ವರ್ಷಗಳ ಅನಂತರ, 1973ರಲ್ಲಿ. ಕೈಕೋವಿಗಳನ್ನು ಬೀಳಿಸಿ ಪರೀಕ್ಷಿಸಿದ ಮೇಲೆಯೇ ಮಾರಾಟಕ್ಕೆ ಅನುಮತಿಸುವ ಕ್ಯಾಲಿಫೋರ್ನಿಯದ ಕಾನೂನು ಜಾರಿಗೆ ಬಂದದ್ದು 2001ರಲ್ಲಿ.

ಬೇಟೆಗಾರರ ಶಿಕ್ಷಣವನ್ನು ನ್ಯೂಯಾರ್ಕ್ 1949ರಲ್ಲಿಯೂ ಕ್ಯಾಲಿಫೋರ್ನಿಯ 1954ರಲ್ಲಿಯೂ ಕಡ್ಡಾಯಗೊಳಿಸಿದವು. ಕಾಡುಹಂದಿಗಳು ಇಂದಿಗೂ ಸಮೃದ್ಧವಾಗಿರುವ ಗಿಲ್‌ರಾಯ್ ಸುತ್ತಣ ಗುಡ್ಡಗಳ ಮಟ್ಟಿಗೆ ಇದು ಗಣ್ಯವಾದ ಸಂಗತಿ. ಬೋಧಿಸಬೇಕಾದ ಸೂತ್ರಗಳೆಷ್ಟು ಎಂಬಲ್ಲಿ ಮಾತ್ರ ಏಕವಾಕ್ಯತೆಯಿಲ್ಲ. ರಾಷ್ಟ್ರೀಯ ರೈಫಲ್ ಸಂಘವು ಮೂರನ್ನು ಹೇಳುತ್ತದೆ. 1976ರಲ್ಲಿ ಅರಿಜೋನದಲ್ಲಿ ಪಿಸ್ತೂಲು ಶಾಲೆಯನ್ನು ತೆರೆದ ಜೆಫ್ ಕೂಪರ್ ನಾಲ್ಕನ್ನು ಪ್ರಸಿದ್ಧಿಗೆ ತಂದನು. ಕ್ಯಾಲಿಫೋರ್ನಿಯದ ಪರೀಕ್ಷಾರ್ಥಿಗಳ ಕೈಪಿಡಿಯಲ್ಲಿ ಆರು ಇವೆ. ಎಲ್ಲ ಕೋವಿಯನ್ನೂ ತುಂಬಿದ ಕೋವಿಯೆಂದೇ ಭಾವಿಸುವುದು, ನಳಿಗೆಯನ್ನು ನಿರಪಾಯದ ದಿಕ್ಕಿಗೆ ತಿರುಗಿಸಿರುವುದು, ಗುರಿ ನಿಶ್ಚಯವಾಗುವವರೆಗೆ ಕೋವಿಯ ಕುದುರೆಗೆ (ಟ್ರಿಗರಿಗೆ) ಬೆರಳಿಡದಿರುವುದು ಮೊದಲಾದವು ಕೂಪರನಲ್ಲಿಯೂ ಕೈಪಿಡಿಯಲ್ಲಿಯೂ ಸಮಾನವಾಗಿವೆ. ಕೈಪಿಡಿಯ ಆರನೆಯ ಸೂತ್ರವಾದರೋ ಆಯುಧವನ್ನು ಅನ್ಯರ ಕೈಗೆ ಸಿಗದಂತೆ ಭದ್ರವಾಗಿ ಇಡಬೇಕೆನ್ನುತ್ತದೆ. ಕೋವಿ ಕೈಯಲ್ಲಿಲ್ಲದ ವೇಳೆಯನ್ನೂ ಅಜಾಗರೂಕತೆಯ ಲೆಕ್ಕಕ್ಕೆ ಸೇರಿಸಿದ ಈ ಸೂತ್ರದ ಹಿಂದಿರುವುದು, ರಾಜ್ಯದ 1991ರ ಶಾಸನ. ತುಂಬಿದ ಕೋವಿಯು ಮಗುವಿಗೆ ಎಟುಕುವ ಸಂಭವವನ್ನು ತಿಳಿದೂ, ಅಥವಾ ತಿಳಿಯಬೇಕಾಗಿದ್ದೂ, ಹಾಗೆಯೇ ಬಿಟ್ಟು, ಅದರಿಂದ ಸಾವುನೋವು ಒದಗಿದರೆ, ಕುದುರೆಯನ್ನೆಳೆದ ಮಗುವನ್ನಲ್ಲದೆ ಕೋವಿಯನ್ನಿಟ್ಟ ಹಿರಿಯನನ್ನು ಅದು ಅಪರಾಧಿಯೆಂದು ಎಣಿಸಿತು. ಫ್ಲಾರಿಡ ಇದೇ ಮಾರ್ಗವನ್ನು 1989ರಲ್ಲಿ ಹಿಡಿದಿತ್ತು. ಮಕ್ಕಳಿರಲಿ ಇಲ್ಲದಿರಲಿ, ಬಳಸದ ಕೋವಿಯನ್ನು ಮನೆಯಲ್ಲಿ ಬೀಗದೊಳಗೇ ಇಡಬೇಕೆಂದು ವಿಧಿಸಿ 2024ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಅಂಗೀಕೃತವಾದ ಕಾನೂನು, ಜಾರಿಗಾಗಿ 2026ರ ಜನವರಿ 1ನ್ನು ಗೊತ್ತುಮಾಡಿತು.

ಕನ್ನಡ ವಾಚಕರಿಗೆ ಇಲ್ಲಿ ಕೊಡಗು ನೆನಪಾಗುವುದು ಸಹಜ. ಕೈಲ್ ಮುಹೂರ್ತದಂದು ಕೋವಿಯನ್ನು ಶುಚಿಗೊಳಿಸಿ, ತೋಕ್ ಪೂವನ್ನು ಮುಡಿಸಿ, ಪೂಜೆಗಿಡುವ ಆ ಸೀಮೆಯ ಕೊಡವರಿಗೆ ಪರವಾನಗಿಯಿಂದ ವಿನಾಯಿತಿಯಿದೆ. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಗಿಲ್‌ರಾಯ್‌ನಲ್ಲಿ ನೆಲೆಸಿದವನಾದರೋ ಕೋವಿಯನ್ನು ಕೊಳ್ಳಬೇಕಾದರೆ, 2015ರಿಂದೀಚೆಗೆ, ಸಾಮಾನ್ಯವಾಗಿ 30 ಪ್ರಶ್ನೆಗಳಲ್ಲಿ 23ಕ್ಕೆ ಸರಿಯುತ್ತರ ಕೊಟ್ಟು ಐದು ವರ್ಷಗಳ ಪ್ರಮಾಣಪತ್ರವನ್ನು ಪಡೆಯತಕ್ಕದ್ದು. ಅದರ ಮೇಲೆ, ವ್ಯಾಪಾರಿಯ ಎದುರಿನಲ್ಲಿ ಆಯುಧವನ್ನು ತುಂಬಿ ಬರಿದುಮಾಡಿ ತೋರಿಸತಕ್ಕದ್ದು. ಮ್ಯಾಗಜೀನನ್ನು ಕಳಚಿದರೂ ನಳಿಗೆಯ ಬುಡದಲ್ಲಿ ಒಂದು ತೋಟಾ ಉಳಿದಿರಬಹುದೆಂಬುದನ್ನು ಮರೆತವರಿಂದ ಅನೇಕ ದುರ್ಘಟನೆಗಳಾಗಿರುವ ಕಾರಣ, ಈ ಪ್ರದರ್ಶನವನ್ನು ಬರಿಯ ಔಪಚಾರಿಕವೆಂದು ತಳ್ಳಿಹಾಕುವಂತಿಲ್ಲ.

ಮೊದಲೇ ಹೆಸರಿಸಿದ ಹತ್ಯಾಕಾಂಡವು ಇದರಿಂದ ಬೇರೆಯಾದದ್ದು. 2019ರ ಜುಲೈ 28ರಂದು ಕ್ರಿಸ್‌ಮಸ್ ಹಿಲ್ ಉದ್ಯಾನದ ಬೆಳ್ಳುಳ್ಳಿ ಹಬ್ಬದಲ್ಲಿ ಹತ್ತೊಂಬತ್ತರ ಯುವಕನೊಬ್ಬನು ಬೇಲಿಯನ್ನು ಕತ್ತರಿಸಿ ಒಳನುಗ್ಗಿ ಮೂವರನ್ನು ಕೊಂದನು. ಅವರಲ್ಲಿ ಇಬ್ಬರು ಮಕ್ಕಳು. ಗಾಯಗೊಂಡವರ ಸಂಖ್ಯೆ ಮೊದಲ ವರದಿಗಳಲ್ಲಿ ಏರಿಳಿದು ಕಡೆಗೆ 17ಕ್ಕೆ ನಿಂತಿತು. ಪೊಲೀಸರ ಗುಂಡಿನಿಂದಲೇ ಅವನು ಸತ್ತನೆಂಬ ಮೊದಲ ಹೇಳಿಕೆ ಇನ್ನೂ ಕೆಲವು ಬರಹಗಳಲ್ಲಿ ಉಳಿದಿದೆಯಾದರೂ, ಪೊಲೀಸರ ಗುಂಡುಗಳು ತಗಲಿದ ಬಳಿಕ ಅವನು ತಾನೇ ಗುಂಡು ಹಾರಿಸಿಕೊಂಡನೆಂಬುದು ಮರಣವಿಚಾರಣಾಧಿಕಾರಿಯ ನಿರ್ಣಯ. ಎರಡನೆಯ ದುಷ್ಕರ್ಮಿಯಿದ್ದನೆಂಬ ವದಂತಿಗೆ ಆಧಾರ ದೊರೆಯಲಿಲ್ಲ. ರೈಫಲು ನೆವಾಡದಲ್ಲಿ ಕಾನೂನುಬದ್ಧವಾಗಿ ಕೊಂಡದ್ದು.

ಆ ಒಂದು ದಿನಕ್ಕೆ ದೊರೆತ ದಾಖಲಾತಿಯ ಸಾಂದ್ರತೆ ಮನೆಯೊಳಗಿನ ಅನಾಹುತಗಳಿಗೆ ಎಂದೂ ದೊರೆತಿಲ್ಲ. 2021ರಲ್ಲಿ ಅಮೆರಿಕದಲ್ಲಿ ಕೋವಿಯಿಂದ ಸತ್ತ 48,830 ಜನರಲ್ಲಿ ಆಕಸ್ಮಿಕವೆಂದು ದಾಖಲಾದವರು 549. ಆದರೆ ಒಂದು ಮಗು ಇನ್ನೊಂದಕ್ಕೆ ಅರಿಯದೆ ಗುಂಡು ಹಾರಿಸಿದುದನ್ನು ಅನೇಕ ಮರಣವಿಚಾರಣಾಧಿಕಾರಿಗಳು 'ಪರಹಸ್ತದಿಂದಾದ ಮರಣ' ಎಂಬ ಅರ್ಥದಲ್ಲಿ ನರಹತ್ಯೆಯ ಕೋಷ್ಟಕದಲ್ಲಿ ಬರೆಯುತ್ತಾರೆ. ಮಕ್ಕಳ ಇಂಥ ಮರಣಗಳು ದಾಖಲೆಯಲ್ಲಿರುವುದರ ಸುಮಾರು ಎರಡರಷ್ಟಿವೆಯೆಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು 2013ರಲ್ಲಿ ನೂರಾರು ಪ್ರಕರಣಗಳನ್ನು ಶೋಧಿಸಿ ತೋರಿಸಿತು. ಆದ್ದರಿಂದ ಆಕಸ್ಮಿಕ ಮರಣಗಳ ಸರಕಾರಿ ಅಂಕಿಯನ್ನು ಕನಿಷ್ಠವೆಂದು ಗ್ರಹಿಸುವುದೇ ಯುಕ್ತ.

ಸ್ಥಳೀಯ ಶಾಸನದಲ್ಲಿ ನೆರೆಯ ಮಾರ್ಗನ್ ಹಿಲ್ ಮುಂದಾಯಿತು. ಕಳೆದುಹೋದ ಅಥವಾ ಕಳುವಾದ ಕೋವಿಯನ್ನು ಐದು ದಿನಗಳೊಳಗೆ ವರದಿಮಾಡಬೇಕೆಂದು ರಾಜ್ಯವು 2016ರ ಜನಮತದ ಮೂಲಕ ವಿಧಿಸಿದ್ದರೆ, ಈ ಊರು 2018ರಲ್ಲಿ ಆ ಅವಧಿಯನ್ನು 48 ಗಂಟೆಗಳಿಗೆ ಇಳಿಸಿತು. ರಾಜ್ಯದ ಕಾನೂನಿರುವಾಗ ಊರಿಗೆ ಆ ಅಧಿಕಾರವಿಲ್ಲವೆಂಬ ವಾದವನ್ನು 2022ರಲ್ಲಿ ಮೇಲ್ಮನವಿ ನ್ಯಾಯಾಲಯವು ತಳ್ಳಿಹಾಕಿತು. ಅದೇ ವರ್ಷ ಸ್ಯಾನ್ ಹೋಸೆ ನಗರವು ಕೋವಿಯ ಒಡೆಯರಿಗೆ ಹೊಣೆಗಾರಿಕೆಯ ವಿಮೆಯನ್ನು ಕಡ್ಡಾಯಗೊಳಿಸಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ನಗರವದು. ಉದ್ದೇಶಪೂರ್ವಕವಾದ ಕೃತ್ಯದ ನಷ್ಟವನ್ನು ವಿಮೆ ಭರಿಸತಕ್ಕದ್ದಲ್ಲವೆಂದು ರಾಜ್ಯದ ವಿಮಾಸಂಹಿತೆಯ 533ನೆಯ ಪ್ರಕರಣವು ಮೊದಲೇ ಹೇಳಿರುವುದರಿಂದ, ಈ ಆಜ್ಞೆಯು ಕೇಳಿದ ವಿಮೆ ಆಕಸ್ಮಿಕ ಬಳಕೆಯಿಂದಾಗುವ ಸಾವು, ಗಾಯ ಮತ್ತು ಆಸ್ತಿನಷ್ಟಗಳಿಗೆ ಮಾತ್ರ.